ಮಾವನ ಕೈಗೆ ಸಿಗದ ಗಾಳಿ

ವ್ಯಾನು ಆರನೆಯ ಸಲ ಶೆಡ್ಡಿಗೆ ಬಂದ ದಿನ ಮಾವ ಅದರ ಬಾನೆಟ್ ಎತ್ತಲಿಲ್ಲ. ಮರದ ಸ್ಟೂಲನ್ನು ಎಳೆದುಕೊಂಡು ಎದುರಿಗೇ ಕೂತು, ಮಾತು ಬಿಟ್ಟ ನೆಂಟನನ್ನು ನೋಡುವ ಹಾಗೆ ಅದನ್ನು ನೋಡುತ್ತಿದ್ದ. ಅಮ್ಮ ಡ್ರೈವರ್ ಸೀಟಿನಿಂದ ಇಳಿದು, ಬಾಗಿಲನ್ನು ಬೇಕಿದ್ದಕ್ಕಿಂತ ಜೋರಾಗಿ ಹಾಕಿದಳು.

“ಏನೋ, ಅದೇ ಬಾಯಿ ಬಿಟ್ಟು ಹೇಳ್ಲಿ ಅಂತ ಕಾಯ್ತಿದೀಯಾ?”

“ಹೇಳೋ ಹಾಗಿದ್ರೆ ಏಳು ವಾರದಲ್ಲಿ ಹೇಳ್ತಿತ್ತು ಬಿಡಕ್ಕಾ.”

“ಸೋಮವಾರದ ತನಕ ಟೈಮಿದೆ. ಆಮೇಲೆ ನೀನೂ ಅದೂ ಎದುರುಬದುರು ಕೂತ್ಕೊಂಡು ಕಷ್ಟಸುಖ ಮಾತಾಡ್ಕೊಳ್ಳಿ.”

ಅಂದು ಶುಕ್ರವಾರ. ಹಿಂದಿನ ದಿನ ನಾಲ್ಕು ರಸ್ತೆ ಕೂಡುವಲ್ಲಿ, ಆರು ಮಕ್ಕಳನ್ನು ಕೂರಿಸಿಕೊಂಡಿದ್ದಾಗ ವ್ಯಾನು ನಿಂತುಬಿಟ್ಟಿತ್ತು. ಹಿಂದೆ ಬಸ್ಸು, ಪಕ್ಕದಲ್ಲಿ ಲಾರಿ, ಎಲ್ಲರ ಹಾರ್ನೂ ಒಟ್ಟಿಗೆ. ಕೊನೆಯ ಸೀಟಿನ ಪುಟ್ಟ ಹುಡುಗಿ ಅಳಲು ಶುರುಮಾಡಿದಳು. ಇನ್ನೊಬ್ಬ ಹುಡುಗ ಮನೆಗೆ ಹೋಗಿ, “ನಮ್ಮ ವ್ಯಾನು ದಾರೀಲೇ ಸತ್ತುಹೋಯ್ತು” ಎಂದು ವರದಿ ಒಪ್ಪಿಸಿದ. ಸಂಜೆಯೊಳಗೆ ನಾಲ್ಕು ಮನೆಯವರು ಶಾಲೆಗೆ ಫೋನು ಮಾಡಿದ್ದರು. ಶಾಲೆಯ ಆಫೀಸಿನ ಮೇಡಂ ಅಮ್ಮನನ್ನು ಕರೆಸಿ, ಸೋಮವಾರ ಗಾಡಿ ಸರಿಯಾಗಿದೆ ಎಂದು ಖಾತ್ರಿಯಾಗದಿದ್ದರೆ ಮಕ್ಕಳನ್ನು ಬೇರೆ ಗಾಡಿಗೆ ಹಾಕುತ್ತೇವೆ ಎಂದು ಹೇಳಿದ್ದರು. ಒಂಬತ್ತು ವರ್ಷದಿಂದ ಅಮ್ಮ ಆ ಶಾಲೆಗೆ ಮಕ್ಕಳನ್ನು ಕರೆದೊಯ್ಯುತ್ತಿದ್ದಳು. ಅವಳಿಗೆ ಗೊತ್ತಿದ್ದ ಕೆಲಸವೂ ಅದೊಂದೇ, ಇಷ್ಟವಾದ ಕೆಲಸವೂ ಅದೊಂದೇ. ಹಳೆಯ ಗಾಡಿಗೆ ವಯಸ್ಸಾಯಿತೆಂದು ಶಾಲೆಯವರು ತಕರಾರು ತೆಗೆದದ್ದಕ್ಕೇ ಎರಡು ತಿಂಗಳ ಹಿಂದೆ ಅದನ್ನು ಕೊಟ್ಟು ಈ ವ್ಯಾನನ್ನು ತಂದದ್ದು. ಆರಿಸಿಕೊಟ್ಟವನು ಮಾವ. “ಎಂಜಿನ್ನು ಕಲ್ಲಿನ ಹಾಗಿದೆ ಅಕ್ಕಾ, ಕಣ್ಣು ಮುಚ್ಚಿ ತಗೋ” ಎಂದಿದ್ದ.

ಮಾವ ಅಂದರೆ ಅಮ್ಮನ ತಮ್ಮ. ಊರಿನವರು ಅವನನ್ನು ನಿಧಾನಿ ಎಂದು ಕರೆಯುತ್ತಾರೆ. ಎದುರಿಗೇ ಕರೆಯುತ್ತಾರೆ, ಅವನೂ ಓಗೊಡುತ್ತಾನೆ. ಬೇರೆಯವರು ಅರ್ಧ ದಿನದಲ್ಲಿ ಮುಗಿಸುವ ಕೆಲಸಕ್ಕೆ ಅವನಿಗೆ ಒಂದೂವರೆ ದಿನ ಬೇಕು. ಬಿಚ್ಚಿದ ಬೋಲ್ಟುಗಳನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಾನೆ. ಒಂದೊಂದನ್ನೂ ಒರೆಸಿಯೇ ವಾಪಸು ಹಾಕುತ್ತಾನೆ. ಅವಸರದವರು ಅವನ ಹತ್ತಿರ ಬರುವುದಿಲ್ಲ. ಬಂದವರು ಬೇರೆ ಕಡೆ ಹೋಗುವುದಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಲಾರಿ ಗ್ಯಾರೇಜೊಂದರಲ್ಲಿ ಕೆಲಸ ಕಲಿತವನು, ಇಪ್ಪತ್ತೆಂಟಕ್ಕೆ ಸ್ವಂತ ಶೆಡ್ಡು ಹಾಕಿದವನು. ಮರದ ಅಡ್ಡೆಯ ಪಕ್ಕದಲ್ಲಿ ಜಾಗ ಸಿಕ್ಕಿತು. ಗರಗಸ ಓಡುವ ಹೊತ್ತಿನಲ್ಲಿ ಹೊಟ್ಟು ಹಾರಿಬಂದು ಅವನ ರೆಪ್ಪೆಯ ಮೇಲೂ ಕೂರುತ್ತದೆ. ಐವತ್ತಾದರೂ ಗಡ್ಡ ನರೆತಿಲ್ಲ ಎಂದು ಅತ್ತೆ ಜಂಬ ಕೊಚ್ಚಿಕೊಳ್ಳುತ್ತಾಳೆ. ಸಂಜೆ ಮಾತ್ರ ಅದು ಹೊಟ್ಟಿನಿಂದ ಬೆಳ್ಳಗಾಗಿರುತ್ತದೆ.

ಈ ವ್ಯಾನಿನ ಕಾಯಿಲೆ ಮೊದಲು ಸಣ್ಣದಾಗಿಯೇ ಶುರುವಾಯಿತು. ಅಮ್ಮ ಬ್ರೇಕ್ ಒತ್ತಿ ನಿಲ್ಲಿಸಿದಾಗಲೆಲ್ಲ ಎಂಜಿನ್ನು ಬಿಕ್ಕಳಿಸುವುದು, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೂ ಎದ್ದು ಹೋಗದಿರುವುದು. ಮಾವ ಸ್ಪಾರ್ಕ್ ಪ್ಲಗ್ ಬದಲಾಯಿಸಿದ. ನಾಲ್ಕು ದಿನ ಸುಮ್ಮನಿತ್ತು. ಎರಡನೆಯ ಸಲ ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿದ. ಮೂರನೆಯ ಸಲ ಗಾಳಿಯ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ಸಿಕ್ಕ ಖುಷಿಗೆ ಅಮ್ಮನ ಬೆನ್ನು ತಟ್ಟಿ, “ಕಳ್ಳ ಸಿಕ್ಕಿಬಿದ್ದ” ಎಂದ. ಶಾಲೆಯವರು ಕೇಳಿದ್ದಕ್ಕೆ, ವಾಹನ ಸುಸ್ಥಿತಿಯಲ್ಲಿದೆ ಎಂದು ತನ್ನ ಶೆಡ್ಡಿನ ಮೊಹರು ಒತ್ತಿ ಚೀಟಿಯನ್ನೂ ಬರೆದುಕೊಟ್ಟ. ಆರನೆಯ ದಿನ ವ್ಯಾನು ಶಾಲೆಯ ಗೇಟಿನೆದುರೇ ನಿಂತಿತು, ಚೀಟಿ ಪಡೆದುಕೊಂಡ ಮೇಡಂ ಕಣ್ಣೆದುರೇ.

ನಾಲ್ಕನೆಯ ಸಲ ಸ್ಕ್ಯಾನರ್ ಜೋಡಿಸಿದ. ಅದನ್ನು ಕೊಂಡು ಮೂರು ವರ್ಷವಾಗಿದ್ದರೂ ಅವನಿಗೆ ಅದರ ಮೇಲೆ ಅಷ್ಟಕ್ಕಷ್ಟೆ. ಹೊಸಬರು ಹೇಳಿದ್ದನ್ನೆಲ್ಲ ಒಂದು ಸಲ ಅನುಮಾನಿಸುವುದು ಅವನ ಸ್ವಭಾವ. ಆದರೆ ಸ್ಕ್ಯಾನರ್ ನೇರವಾಗಿ ಏರ್ ಫ್ಲೋ ಸೆನ್ಸರಿನ ಕಡೆಗೆ ಬೆರಳು ತೋರಿಸಿತು. ಎಂಜಿನ್ನು ಒಳಗೆಳೆದುಕೊಳ್ಳುವ ಗಾಳಿ ಎಷ್ಟೆಂದು ಅಳೆದು ಕಂಪ್ಯೂಟರಿಗೆ ಹೇಳುವ ಸಣ್ಣ ಸಾಧನ ಅದು. ಕಿರುಬೆರಳಷ್ಟು ಉದ್ದ, ಒಳಗೆ ಕೂದಲಿನಂಥ ಕಾದ ತಂತಿ. ಹಾದುಹೋಗುವ ಗಾಳಿ ಆ ತಂತಿಯನ್ನು ಎಷ್ಟು ತಂಪು ಮಾಡುತ್ತದೋ ಅಷ್ಟು ಗಾಳಿ ಎಂದು ಲೆಕ್ಕ. ಆ ಲೆಕ್ಕ ನೋಡಿ ಕಂಪ್ಯೂಟರ್ ಪೆಟ್ರೋಲು ಬಡಿಸುತ್ತದೆ. ಎಂಜಿನ್ನನ್ನು ರೇಸ್ ಮಾಡಿದಾಗ ಸೆಕೆಂಡಿಗೆ ಏಳೆಂಟು ಗ್ರಾಂ ಗಾಳಿ ತೋರಿಸಬೇಕಿದ್ದ ಅಂಕಿ ನಾಲ್ಕರಲ್ಲೇ ತಿಣುಕುತ್ತಿತ್ತು. ಮಾವ ಸೆನ್ಸರಿನ ವೈರು ಕಿತ್ತುಬಿಟ್ಟು ಎಂಜಿನ್ ಶುರು ಮಾಡಿದ. ಆಗ ವ್ಯಾನು ಇನ್ನೂ ಚೆನ್ನಾಗಿ ಓಡಿತು. ತಪ್ಪು ಲೆಕ್ಕ ಕೊಡುವವನು ಬಾಯಿ ಮುಚ್ಚಿದರೆ ಕಂಪ್ಯೂಟರ್ ತನ್ನ ಅಂದಾಜಿನಲ್ಲೇ ಅಡುಗೆ ಮಾಡಿಕೊಳ್ಳುತ್ತದೆ ಎಂದು ಅಮ್ಮನಿಗೆ ವಿವರಿಸಿದ. ಅದಕ್ಕೆಂದೇ ಬರುವ ಸ್ಪ್ರೇ ಹೊಡೆದು ತಂತಿ ತೊಳೆದ. ಅಂಕಿ ಏಳೂವರೆಗೆ ಏರಿತು.

ಒಂಬತ್ತು ದಿನ. ಆಮೇಲೆ ಮತ್ತೆ ಬಿಕ್ಕಳಿಕೆ. ಐದನೆಯ ಸಲ ಹಳೆಯದನ್ನು ಎಸೆದು ಹೊಸ ಸೆನ್ಸರನ್ನೇ ಹಾಕಿದ. ಹೊಸದೂ ಹನ್ನೊಂದನೆಯ ದಿನಕ್ಕೆ ಸುಳ್ಳು ಹೇಳಲು ಕಲಿಯಿತು. ಆ ಹನ್ನೊಂದನೆಯ ದಿನವೇ ಗುರುವಾರ, ನಾಲ್ಕು ರಸ್ತೆ, ಹಾರ್ನು, ಅಳು.

ಹಾಗಾಗಿ ಶುಕ್ರವಾರ ಅವನು ಸ್ಟೂಲಿನ ಮೇಲೆ ಕೂತಿದ್ದ. ಅವನ ಮುಖ ನೋಡಿದರೆ ಬೈಯುವುದಕ್ಕೂ ಮನಸ್ಸು ಬರುತ್ತಿರಲಿಲ್ಲ. ಅಮ್ಮ ಬೈದಳು.

“ಎಲ್ಲರೂ ದೊಡ್ಡ ವರ್ಕ್‌ಶಾಪಿಗೆ ಹಾಕು ಅಂದ್ರು. ನಾನೇ, ನನ್ನ ತಮ್ಮ ಇದಾನೆ, ನನ್ನ ತಮ್ಮ ಇದಾನೆ ಅಂತ ಊರೆಲ್ಲ ಹೇಳ್ಕೊಂಡು ಬಂದೆ. ಇದೀಯ ನೋಡು, ಬಂಡೆ ಕೂತ ಹಾಗೆ.”

“ಒಂದಿನ ಕೊಡಕ್ಕಾ.”

“ಏಳು ವಾರದಿಂದ ಒಂದೊಂದೇ ದಿನ ಕೊಡ್ತಾ ಇದೀನಿ ಕಣೋ!”

ಶನಿವಾರ ಬೆಳಿಗ್ಗೆ ಮಾವ ಸೆನ್ಸರನ್ನು ಕಿಸೆಯಲ್ಲಿ ಹಾಕಿಕೊಂಡು ಬಿಡಿಭಾಗಗಳ ಅಂಗಡಿಗೆ ಹೋದ. ನಿಧಾನಿಯಾದ ಅವನು ಜಗಳವಾಡಿದ್ದನ್ನು ಯಾರೂ ಕಂಡಿರಲಿಲ್ಲ. ಅಂದು ಅಂಗಡಿಯ ಕೌಂಟರಿನ ಗಾಜು ಕುಟ್ಟಿದನಂತೆ.

“ನಕಲಿ ಮಾಲು ಕೊಟ್ಟಿದೀಯ. ಇಪ್ಪತ್ತು ವರ್ಷದ ಗಿರಾಕಿಗೆ!”

ಅಂಗಡಿಯವನು ಕನ್ನಡಕ ಏರಿಸಿ, ಭೂತಗನ್ನಡಿ ಹಿಡಿದು ಸೆನ್ಸರನ್ನು ಅತ್ತಿತ್ತ ತಿರುಗಿಸಿದ. “ಅಣ್ಣಾ, ಮೊದಲಿದ್ದದ್ದು ಗಾಡಿ ಜೊತೇಲಿ ಬಂದಿದ್ದು ತಾನೇ? ಅದೂ ಕೆಟ್ಟಿತು, ನಂದೂ ಕೆಟ್ಟಿತು. ಒಂದೇ ಮನೆಗೆ ಕೊಟ್ಟ ಎರಡೂ ಹೆಣ್ಣು ಸೊರಗಿದ್ರೆ ಹೆಣ್ಣಿಗೆ ಬೈತೀಯೋ, ಮನೆಗೆ ಬೈತೀಯೋ?” ಎಂದವನು ಭೂತಗನ್ನಡಿಯನ್ನು ಮಾವನ ಕೈಗೆ ಕೊಟ್ಟ. “ನೋಡು, ತಂತಿ ಮೇಲೆ ಏನೋ ಕೂತಿದೆ. ಧೂಳಾದ್ರೆ ಉದುರ್ತಿತ್ತು. ಇದು ಅಂಟ್ಕೊಂಡಿದೆ.”

ತಂತಿಯ ಮೇಲೆ ಹಳದಿ ಬಣ್ಣದ ತೆಳು ಪೊರೆಯಿತ್ತು. ಪೊರೆಯಲ್ಲಿ ಸಿಕ್ಕಿಕೊಂಡ ಒಂದು ಚೂರು ಮರದ ಹೊಟ್ಟು. ಮಾವ ಭೂತಗನ್ನಡಿಯನ್ನು ಕೌಂಟರಿನ ಮೇಲಿಟ್ಟು, ಮೆಟ್ಟಿಲಿಳಿದವನು ಹಿಂತಿರುಗಿ ಬಂದು, “ಸಿಟ್ಟಿನಲ್ಲಿ ಅಂದೆ” ಎಂದು ಹೇಳಿಹೋದನಂತೆ.

ಹೊಟ್ಟು ಫಿಲ್ಟರನ್ನು ದಾಟಿ ಬಂದಿದೆ ಎಂದರೆ ಫಿಲ್ಟರಿನ ಪೆಟ್ಟಿಗೆ ಎಲ್ಲೋ ಸರಿಯಾಗಿ ಮುಚ್ಚಿಕೊಂಡಿಲ್ಲ ಎಂದು ಅವನಿಗೆ ಅನ್ನಿಸಿತು. ಶನಿವಾರ ಇಡೀ ಮಧ್ಯಾಹ್ನ ಪೆಟ್ಟಿಗೆಯ ಕ್ಲಿಪ್ಪುಗಳನ್ನು ಬಗ್ಗಿಸಿ, ರಬ್ಬರು ಬದಲಿಸಿ, ಅಂಚಿಗೆ ಕಾಗದದ ಪಟ್ಟಿ ಸಿಕ್ಕಿಸಿ ಎಳೆದು ನೋಡಿದ. ಎಲ್ಲಿಯೂ ಸಂದಿ ಇರಲಿಲ್ಲ. ಸಂಜೆ ಅಮ್ಮ ಹೋದಾಗ ಅವನು ಬೋಲ್ಟು ಬಿಚ್ಚುವ ಪಾನಾ ಒಂದನ್ನು ಗೋಡೆಗೆ ಬೀಸಿ ಒಗೆದಿದ್ದ. ಆಮೇಲೆ ತಾನೇ ಹೋಗಿ ಎತ್ತಿಕೊಂಡು, ಒರೆಸಿ, ಅದರ ಜಾಗದಲ್ಲಿ ನೇತುಹಾಕಿದನೆಂದು ಅಮ್ಮ ಹೇಳಿದಳು. ಹೇಳುವಾಗ ಅವಳಿಗೆ ನಗು ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಮನೆಯಿಂದ ಹಳೆಯ ಬಿಳಿ ಪಂಚೆಯೊಂದನ್ನು ತೆಗೆದುಕೊಂಡು ಹೋದಳು. ಒರೆಸುವುದಕ್ಕೆ ಬೆಳ್ಳನೆಯ ಬಟ್ಟೆಯೇ ಬೇಕು ಎಂದು ಮಾವ ಫೋನು ಮಾಡಿದ್ದ. ಮರದ ಅಡ್ಡೆಗೆ ರಜೆ. ಗರಗಸದ ಸದ್ದಿಲ್ಲದ ಶೆಡ್ಡು ಬೇರೆಯದೇ ಜಾಗದ ಹಾಗಿತ್ತು. ಮಾವ ಪಂಚೆಯನ್ನು ತುಂಡು ಮಾಡಿ, ಸ್ಕ್ರೂಡ್ರೈವರಿಗೆ ಸುತ್ತಿ, ಗಾಳಿ ಬರುವ ದಾರಿಯನ್ನು ತುದಿಯಿಂದ ತುದಿಗೆ ಒರೆಸತೊಡಗಿದ. ಫಿಲ್ಟರಿಗಿಂತ ಮೊದಲಿನ ಕೊಳವೆಯಲ್ಲಿ ಬಟ್ಟೆ ಕಪ್ಪಾಗಿ ಬಂತು. ಒಣ ಧೂಳು. ಅದು ಇರಬೇಕಾದದ್ದೇ. ಫಿಲ್ಟರಿನ ನಂತರದ ಕೊಳವೆಯಲ್ಲಿ ಬಟ್ಟೆ ಕಪ್ಪಾಗಲಿಲ್ಲ. ಹಳದಿಯಾಗಿ, ಜಿಡ್ಡಾಗಿ ಬಂತು.

“ಎಂಜಿನ್ ಆಯಿಲ್ ಉಲ್ಟಾ ಬರ್ತಿದೆ ಅನ್ಸುತ್ತೆ,” ಎಂದ ಮಾವ. ದನಿಯಲ್ಲಿ ಜೀವವಿರಲಿಲ್ಲ. ಹಾಗಾಗಿದ್ದರೆ ಎಂಜಿನ್ನನ್ನೇ ಬಿಚ್ಚಬೇಕು. ಸೋಮವಾರವಲ್ಲ, ಮುಂದಿನ ಸೋಮವಾರಕ್ಕೂ ಆಗದು.

ಅಮ್ಮ ಅವನ ಕೈಯಿಂದ ಬಟ್ಟೆಯನ್ನು ಕಿತ್ತುಕೊಂಡಳು. ಸಿಟ್ಟಿಗೆ ಕಿತ್ತುಕೊಂಡದ್ದು. ಕಿತ್ತುಕೊಂಡ ಮೇಲೆ ಮೂಗಿನ ಹತ್ತಿರ ಹಿಡಿದಳು.

“ಇದು ಎಂಜಿನ್ ಆಯಿಲ್ ಅಲ್ಲ.”

“ನಿನಗೇನು ಗೊತ್ತು?”

“ನಿನಗೆ ಮದುವೆ ಆಗೋಕೆ ಮುಂಚೆ ನಿನ್ನ ಬಟ್ಟೆ ಒಗೆದವಳು ನಾನು. ಇದು ನಿನ್ನ ಅಂಗಿ ವಾಸನೆ ಕಣೋ.”

ಮಾವ ಬಟ್ಟೆಯನ್ನು ಮೂಸಿದ. ಮತ್ತೊಮ್ಮೆ ಮೂಸಿದ. ಆಮೇಲೆ ತಲೆಯೆತ್ತಿ, ಕೆಲಸದ ಮೇಜಿನ ಕೊನೆಯಲ್ಲಿದ್ದ ತಗಡಿನ ಡಬ್ಬಿಯನ್ನು ನೋಡಿದ. ಅದರೊಳಗೆ ತೆಳುವಾದ ಹಳದಿ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ಮೊಂಡು ಬ್ರಶ್ಶು.

ಅವನ ಶೆಡ್ಡಿಗೆ ಯಾವ ಕೆಲಸಕ್ಕೇ ಗಾಡಿ ಬರಲಿ, ಹೋಗುವ ಮೊದಲು ಏರ್ ಫಿಲ್ಟರನ್ನು ತೆಗೆದು, ತಟ್ಟಿ, ಆ ಬ್ರಶ್ಶಿನಿಂದ ಎರಡು ಸುತ್ತು ಎಣ್ಣೆ ಸವರಿಯೇ ಕಳಿಸುವುದು. ಯಾರೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. ಶೆಡ್ಡು ಹಾಕಿದ ಮೊದಲ ವರ್ಷ ಒಬ್ಬರ ಹೊಸ ಗಾಡಿಯ ಎಂಜಿನ್ನು ಅವನ ಕೈಯಲ್ಲಿ ಹಾಳಾಗಿತ್ತು. ಫಿಲ್ಟರನ್ನು ಒಣದಾಗಿಯೇ ಹಾಕಿದ್ದ. ಜಾಲರಿಯ ಫಿಲ್ಟರ್ ಅದು, ಎಣ್ಣೆ ಇದ್ದರೆ ಮಾತ್ರ ಧೂಳು ಹಿಡಿಯುತ್ತದೆ. ಮರದ ಹೊಟ್ಟು ನೇರ ಒಳಗೆ ಹೋಗಿ ಸಿಲಿಂಡರನ್ನು ಉಜ್ಜಿಹಾಕಿತ್ತು. ಗಾಡಿಯ ಯಜಮಾನ ಬೈಯಲಿಲ್ಲವಂತೆ. ಇನ್ನು ಮುಂದೆ ಬರುವುದಿಲ್ಲ ಎಂದಷ್ಟೇ ಹೇಳಿ ಹೋದನಂತೆ. ಅಂದಿನಿಂದ ಆ ಎರಡು ಸುತ್ತು ತಪ್ಪಲಿಲ್ಲ. ಗಾಡಿಗಳು ಬದಲಾದವು, ಫಿಲ್ಟರುಗಳು ಕಾಗದದವಾದವು. ಕಾಗದಕ್ಕೆ ಎಣ್ಣೆ ಬೇಡ. ಹಚ್ಚಿದ ಎಣ್ಣೆ ಗಾಳಿಯ ಜೊತೆ ಮುಂದೆ ಹೋಗುತ್ತದೆ, ಬ್ರಶ್ಶಿಗಂಟಿದ ಹೊಟ್ಟನ್ನೂ ಒಯ್ಯುತ್ತದೆ, ಹೋದಲ್ಲಿ ಕೂರುತ್ತದೆ. ಈ ವ್ಯಾನಿನಲ್ಲಿ ಫಿಲ್ಟರಿನಿಂದ ಗೇಣು ದೂರದಲ್ಲೇ ಸೆನ್ಸರಿತ್ತು. ವ್ಯಾನು ಕೊಂಡ ದಿನವೇ ಮಾವ ಅದಕ್ಕೂ ಎರಡು ಸುತ್ತು ಸವರಿದ್ದ. ಆಮೇಲೆ ಪ್ರತಿ ಸಲ ರಿಪೇರಿ ಮಾಡಿ, ಪ್ರತಿ ಸಲ ಹೊಸದಾಗಿ ಎಣ್ಣೆ ಸವರಿ ಕಳಿಸಿದ್ದ.

ಅವನು ಡಬ್ಬಿಯನ್ನು ಹತ್ತಿರಕ್ಕೆಳೆದು ಬ್ರಶ್ಶನ್ನೂ ಮೂಸಿದ. ಆಮೇಲೆ, “ನಾನೇ,” ಎಂದ.

“ಏನು ನೀನೇ?”

“ಗಾಡಿ ಕೆಡಿಸ್ತಿದ್ದದ್ದು ನಾನೇ. ರಿಪೇರಿ ಮಾಡಿದಾಗಲೆಲ್ಲ ಕೆಡಿಸಿ ಕಳಿಸಿದೀನಿ.”

ಅಮ್ಮ ಅವನನ್ನೂ ಡಬ್ಬಿಯನ್ನೂ ನೋಡಿದಳು. ಅವಳಿಗೆ ಏಳು ವಾರದ ಸಿಟ್ಟು ಒಟ್ಟಿಗೇ ಬಂದು ಬಾಯಲ್ಲಿ ಸಿಕ್ಕಿಕೊಂಡಿತು. “ಎಣ್ಣೆ ನಿನ್ನ ತಲೆಗೆ ಹಚ್ಕೊಂಡಿದ್ರೆ ತಂಪಾಗಿ ಕೆಲಸ ಮಾಡ್ತಿತ್ತಲ್ಲೋ!” ಎಂದಳು. ಮಾವ ತಲೆ ತಗ್ಗಿಸಿದ್ದು ನೋಡಿ, ಪಂಚೆಯ ಇನ್ನೊಂದು ತುಂಡನ್ನು ಅವನ ಕೈಗೆ ಕೊಟ್ಟಳು.

ಸಂಜೆಯವರೆಗೆ ಕೆಲಸ ನಡೆಯಿತು. ಹೊಸ ಒಣ ಫಿಲ್ಟರು, ತೊಳೆದು ಒಣಗಿಸಿದ ಕೊಳವೆಗಳು, ಸ್ಪ್ರೇ ಹೊಡೆದ ತಂತಿ. ಕಂಪ್ಯೂಟರಿನ ನೆನಪಿನಲ್ಲಿದ್ದ ಹಳೆಯ ದೋಷಗಳನ್ನು ಅಳಿಸಿದ. ಅಮ್ಮ ಓಡಿಸಿದಳು, ಮಾವ ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂತ. ಏರು, ಇಳಿಜಾರು, ಹಂಪು. ಅಂಕಿ ಏರಬೇಕಾದಲ್ಲಿ ಏರಿತು, ಇಳಿಯಬೇಕಾದಲ್ಲಿ ಇಳಿಯಿತು. ಈ ಸಲ ಅವನು ಬೆನ್ನು ತಟ್ಟಲಿಲ್ಲ.

“ನಾಳೆ ಶಾಲೆಗೆ ನಾನೂ ಬರ್ತೀನಿ. ತಪ್ಪು ನಂದು ಅಂತ ಹೇಳ್ತೀನಿ.”

“ಬಾಯಿ ಮುಚ್ಕೊಂಡಿರು. ಗಾಡಿ ಸರಿಹೋಯ್ತಲ್ಲ, ಅಷ್ಟು ಸಾಕು. ನೀನು ಹೇಳಿದ್ರೆ ನಾಳೆಯಿಂದ ನಿನ್ನ ಶೆಡ್ಡಿಗೆ ಯಾರು ಬರ್ತಾರೋ?”

“ಬರಲೇಬೇಕು, ತೊಳೆದು ಕೊಡಬೇಕಲ್ಲ. ಇನ್ನೂ ಎಷ್ಟು ಗಾಡಿಗೆ ಸವರಿದೀನೋ. ಪಿಕಪ್ ಇಲ್ಲ ಅಂತ ಮೂರು ಜನ ಬಂದಿದ್ರು. ಪೆಟ್ರೋಲು ಸರಿಯಿಲ್ಲ ಅಂತ ಹೇಳಿ ಕಳಿಸಿದೆ.”

ಸೋಮವಾರ ಬೆಳಿಗ್ಗೆ ಅಮ್ಮ ಹೋಗುವ ಮೊದಲೇ ಅವನು ಶಾಲೆಯ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಒಗೆದ ಅಂಗಿ, ಒದ್ದೆ ತಲೆ. ಮೇಡಂ ಅವನು ಹೇಳಿದ್ದನ್ನು ಪೂರ್ತಿ ಕೇಳಿದರು. ಕೇಳಿ, ಫೈಲಿನಿಂದ ಅವನ ಹಳೆಯ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟರು.

“ಅವತ್ತೂ ಸರಿಯಾಗಿದೆ ಅಂದ್ರಿ. ಇವತ್ತೂ ಅಂತಿದೀರ. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಕೂರೋರು ಮಕ್ಕಳು. ಬೇರೆ ಕಡೆ ತೋರಿಸಿ, ಬರೆಸ್ಕೊಂಡು ಬನ್ನಿ.”

ಇಪ್ಪತ್ತೆರಡು ವರ್ಷದಲ್ಲಿ ಮಾವ ಒಂದು ಗಾಡಿಯನ್ನೂ ಬೇರೆಯವರ ಹತ್ತಿರ ಕಳಿಸಿದವನಲ್ಲ. ಅಂದು ತಾನೇ ಪಕ್ಕದಲ್ಲಿ ಕೂತು ವ್ಯಾನನ್ನು ದೊಡ್ಡ ವರ್ಕ್‌ಶಾಪಿಗೆ ಕರೆದೊಯ್ದ. ಗಾಜಿನ ಕೋಣೆ, ತಣ್ಣನೆಯ ಗಾಳಿ, ಸಾಲಾಗಿ ಕುರ್ಚಿಗಳು. ಕಂಪ್ಯೂಟರಿನ ಮುಂದಿದ್ದ ಹುಡುಗಿ ಕೇಳಿದಳು: “ಗಾಡಿಗೆ ತೊಂದರೆ ಏನು ಸರ್?”

“ಏನೂ ಇಲ್ಲ.”

“ಮತ್ತೆ ಯಾಕೆ ತಂದ್ರಿ?”

“ಏನೂ ಇಲ್ಲ ಅಂತ ಬರೆಸ್ಕೊಳ್ಳೋಕೆ.”

ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮ, “ಹಾಗೇ ಬರ್ಕೊಳ್ಳಮ್ಮ” ಎಂದಳು.

ಮೂರು ಗಂಟೆ ಕಾದರು. ಕೈಗೆ ಗ್ಲೌಸು ತೊಟ್ಟ ಎಂಜಿನಿಯರನೊಬ್ಬ ಗಾಜಿನಾಚೆ ಬಾನೆಟ್ ಎತ್ತಿ, ಮಾವ ಮುಚ್ಚಿದ್ದನ್ನೆಲ್ಲ ಬಿಚ್ಚುತ್ತಿದ್ದ. ಬಿಚ್ಚಿದ ಸ್ಕ್ರೂಗಳನ್ನು ಎಂಜಿನ್ನಿನ ಮೇಲೆಯೇ ಅಲ್ಲಲ್ಲಿ ಇಡುತ್ತಿದ್ದ. ಮಾವ ಎರಡು ಸಲ ಎದ್ದು ನಿಂತ. ಎರಡು ಸಲವೂ ಅಮ್ಮ ಅಂಗಿಯ ತುದಿ ಹಿಡಿದು ಕೂರಿಸಿದಳು. ಕೊನೆಗೆ, ದೋಷವಿಲ್ಲ, ಮುನ್ನೆಚ್ಚರಿಕೆಯಾಗಿ ಸೆನ್ಸರ್ ಬದಲಾಯಿಸುವುದು ಒಳ್ಳೆಯದು ಎಂದು ಅಚ್ಚಾದ ಕಾಗದ ಬಂತು. ಮಾವ ಆ ಸಾಲನ್ನು ಎರಡು ಸಲ ಓದಿದ. ಸುಮ್ಮನೆ ಸಹಿ ಮಾಡಿದ.

ಮೇಡಂ ಕಾಗದವನ್ನು ಒಪ್ಪಿದರು. ಆದರೆ ಆ ಹೊತ್ತಿಗೆ ಮೂರು ಮನೆಯವರು ಮಕ್ಕಳನ್ನು ಇನ್ನೊಂದು ವ್ಯಾನಿಗೆ ಸೇರಿಸಿಬಿಟ್ಟಿದ್ದರು. ಉಳಿದದ್ದು ಮೂರು ಮಕ್ಕಳು.

“ಆ ಮೂರು ಮನೆಗೂ ನಾನೇ ಹೋಗಿ ಹೇಳ್ಲಾ?” ಎಂದು ಮಾವ ಕೇಳಿದ.

“ನೀನು ಹೋದ್ರೆ ಇರೋ ಮೂರೂ ಹೋಗುತ್ತೆ,” ಎಂದಳು ಅಮ್ಮ.

ಮಂಗಳವಾರ ಬೆಳಿಗ್ಗೆ ಅಮ್ಮ ಹೊರಟಾಗ, ಬೀದಿಯ ತಿರುವಿನಲ್ಲಿ ಮಾವ ಸ್ಕೂಟರಿನ ಮೇಲೆ ಕಾಯುತ್ತಿದ್ದ. ವ್ಯಾನಿನ ಹಿಂದೆ ಹೊರಟ. ಅವಳು ಮೊದಲ ಮಗುವನ್ನು ಹತ್ತಿಸಿಕೊಳ್ಳಲು ನಿಂತರೆ ಅವನೂ ಹತ್ತು ಮಾರು ಹಿಂದೆ ನಿಂತ. ಎರಡನೆಯ ಮನೆ, ಮೂರನೆಯ ಮನೆ, ಹಾಗೆಯೇ. ಅಮ್ಮ ಕನ್ನಡಿಯಲ್ಲಿ ಕಾಣುವ ರಸ್ತೆಗಿಂತ ಅವನ ಮುಖವನ್ನೇ ಹೆಚ್ಚು ನೋಡಬೇಕಾಯಿತು. ಎಂಜಿನ್ನಿನ ಸದ್ದಿಗೆ ಆ ಮುಖವಿಡೀ ಕಿವಿಯಾಗಿತ್ತು.

ಶಾಲೆಗೆ ಎರಡು ತಿರುವು ಬಾಕಿಯಿರುವಾಗ ಅವಳು ವ್ಯಾನನ್ನು ರಸ್ತೆಯ ಬದಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ನು ಆಫ್ ಮಾಡದೆ ಇಳಿದಳು. ಮಾವ ಗಾಬರಿಯಿಂದ ಸ್ಕೂಟರ್ ಬಿಟ್ಟು ಓಡಿಬಂದ.

“ಏನಾಯ್ತಕ್ಕಾ? ಬಿಕ್ಕಿತಾ?”

“ಏನೂ ಆಗಿಲ್ಲ. ನಿನ್ನ ಮುಖ ಕನ್ನಡೀಲಿ ನೋಡ್ಕೊಂಡು ನನಗೆ ಓಡ್ಸೋಕಾಗ್ತಿಲ್ಲ. ನಿನ್ನ ಹತ್ರ ಇಂಥ ಗಾಡಿಗೆ ಎಣ್ಣೆ ಹಚ್ಚಿಸ್ಕೊಂಡವ್ರು ಎಷ್ಟು ಜನ?”

“ನೆನಪಿರೋದು ಹದಿನೇಳು.”

“ಹೋಗು, ಅವ್ರ ಮನೆ ಬಾಗಿಲು ತಟ್ಟು. ಬೈದ್ರೆ ಬೈಸ್ಕೋ.”

ಮಾವ ಅವಳನ್ನು ನೋಡುತ್ತಿರಲಿಲ್ಲ. ತೆರೆದ ಬಾಗಿಲಿನಾಚೆ ವ್ಯಾನಿನೊಳಗೆ ಮೂವರು ಮಕ್ಕಳು ಯಾವುದೋ ವಿಷಯಕ್ಕೆ ಜಗಳವಾಡುತ್ತಿದ್ದರು. ಅವರ ಗಲಾಟೆಯ ಕೆಳಗೆ ಎಂಜಿನ್ನು ತನ್ನ ಪಾಡಿಗೆ ತಾನು ಒಂದೇ ಸಮನೆ ತಿರುಗುತ್ತಿತ್ತು. ಅವನು ಇನ್ನೂ ಸ್ವಲ್ಪ ಹೊತ್ತು ಕೇಳುವವನಿದ್ದ.

“ಹೋಗೋ,” ಎಂದಳು ಅಮ್ಮ, “ಮಕ್ಕಳಿಗೆ ಹೊತ್ತಾಗುತ್ತೆ.”